ಸೀಸೆಯೊಳಗಿನ ಹಸಿರು

ಮಲೆನಾಡಿನಲ್ಲಿ ಮಳೆ ಹಿಡಿದ ಕೆಲವೇ ದಿನಗಳಲ್ಲಿ ಹಂಚಿನ ಮಾಡು, ಬಾವಿಕಟ್ಟೆ, ಅಂಗಳದ ಪಾಗಾರ, ಮರಗಳ ಬುಡ ಎಲ್ಲವೂ ಹಸಿರುಗಟ್ಟುತ್ತವೆ. ಮನೆಯ ಹಿರಿಯರಿಗೆ ಇದು ಸಂತೋಷದ ಸಂಗತಿಯೇನಲ್ಲ. ಕಾಲು ಜಾರೀತೆಂದು ಅವರು ಅಂಗಳಕ್ಕೆ ಅಡಕೆಯ ದಬ್ಬೆ ಹಾಸುತ್ತಾರೆ; ಮೆಟ್ಟಿಲುಗಳನ್ನು ಕೆರೆದು ತೊಳೆಯುತ್ತಾರೆ. ಹೀಗೆ ಕೆರೆದು ಎಸೆಯುವುದನ್ನೇ ಮುಚ್ಚಟೆಯಿಂದ ಬೆಳೆಸುವವರೂ ಉಂಟು. ಜಪಾನಿನ ಕ್ಯೋಟೋ ನಗರದ ಸೈಹೋಜಿ ದೇವಾಲಯದ ತೋಟ ಲೋಕಪ್ರಸಿದ್ಧವಾಗಿರುವುದು ಹೂವುಗಳಿಂದಲ್ಲ, ನೆಲವನ್ನೆಲ್ಲ ಕವಿದಿರುವ ಹಾವಸೆಯಿಂದ.

ಆಡುಮಾತಿನಲ್ಲಿ ಕೆರೆಯಲ್ಲಿ ತೇಲುವುದೂ ಪಾಚಿ, ಗೋಡೆಯ ಮೇಲೆ ಬೆಳೆಯುವುದೂ ಪಾಚಿ. ಸಸ್ಯಶಾಸ್ತ್ರಜ್ಞರು ಮಾತ್ರ ಇವನ್ನು ಬೇರ್ಪಡಿಸುತ್ತಾರೆ. ಮೊದಲನೆಯದು ಶೈವಲ. ಗೋಡೆಯ ಮೇಲೆ ಮಖಮಲ್ಲಿನಂತೆ ಹಬ್ಬಿ, ಭೂತಗನ್ನಡಿಯಲ್ಲಿ ನೋಡಿದಾಗ ಪುಟ್ಟ ಕಾಂಡವನ್ನೂ ಎಲೆಗಳನ್ನೂ ತೋರಿಸುವುದು ಹಾವಸೆ. ಅದಕ್ಕೆ ಹೂವಿಲ್ಲ, ಬೀಜವಿಲ್ಲ, ನಿಜವಾದ ಬೇರೂ ಇಲ್ಲ. ಬೇರಿನಂತೆ ಕಾಣುವ ಎಳೆಗಳ ಮುಖ್ಯ ಕೆಲಸ ಕಲ್ಲನ್ನೋ ಮಣ್ಣನ್ನೋ ಹಿಡಿದುಕೊಳ್ಳುವುದು. ನೀರನ್ನು ಅದು ಹೆಚ್ಚಾಗಿ ಎಲೆಗಳಿಂದಲೇ, ಎಂದರೆ ಮೈಯಿಂದಲೇ ಕುಡಿಯುತ್ತದೆ.

ಗಾಜಿನೊಳಗೆ ಇಂತಹ ಸಸ್ಯಗಳನ್ನು ಬೆಳೆಸುವ ಹವ್ಯಾಸ ಜನಪ್ರಿಯವಾದುದು ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡನಿಂದ. ಆತ ಮನೆಯ ಹಿಂದೆ ಕಲ್ಲುಗಳನ್ನು ಪೇರಿಸಿ ಜರೀಗಿಡಗಳನ್ನೂ ಹಾವಸೆಯನ್ನೂ ಬೆಳೆಸಲು ಹೊರಟಿದ್ದ. ಕಲ್ಲಿದ್ದಲಿನ ಹೊಗೆಗೆ ಅವೆಲ್ಲ ಸತ್ತುಹೋದವು. 1829ರಲ್ಲಿ ಪತಂಗದ ಕೋಶವೊಂದನ್ನು ತೇವದ ಮಣ್ಣಿನೊಡನೆ ಸೀಸೆಯಲ್ಲಿಟ್ಟು ಮುಚ್ಚಿದ್ದಾಗ, ಅದೇ ಮಣ್ಣಿನಿಂದ ಒಂದು ಜರೀಗಿಡವೂ ಹುಲ್ಲೂ ಮೊಳೆತವು. ಹಗಲು ಆವಿಯಾದ ನೀರು ಗಾಜಿಗೆ ತಾಗಿ ಹನಿಗಟ್ಟಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಮೇಲೆ ನೀರೆರೆಯದಿದ್ದರೂ ಆ ಗಿಡಗಳು ನಾಲ್ಕು ವರ್ಷಗಳಷ್ಟು ಕಾಲ ಬದುಕಿದವು. ಪತಂಗವನ್ನು ಕಾಯುತ್ತ ಕುಳಿತವನಿಗೆ ಗಿಡ ಸಿಕ್ಕಿತು! ವಾರ್ಡನ ಗಾಜಿನ ಪೆಟ್ಟಿಗೆಗಳಲ್ಲಿಯೇ ಮುಂದೆ ಚೀನದ ಚಹಾ ಸಸಿಗಳು ಕಡಲು ದಾಟಿ ಭಾರತಕ್ಕೆ ಬಂದವು.

ಈ ಕಥೆಯನ್ನು ಓದಿದ್ದ ಬೆಂಗಳೂರಿನ ಹುಡುಗಿಯೊಬ್ಬಳು ದಸರಾ ರಜೆಯಲ್ಲಿ ತೀರ್ಥಹಳ್ಳಿಯ ಕಡೆಯ ಅಜ್ಜಿಯ ಮನೆಗೆ ಹೋಗಿದ್ದಳು. ಹಿಂದಿರುಗುವಾಗ ಪಾಗಾರದಿಂದ ಅಂಗೈಯಗಲದ ಹಾವಸೆಯನ್ನು ಎಬ್ಬಿಸಿ ಬಾಳೆಯೆಲೆಯಲ್ಲಿ ಸುತ್ತಿ ತಂದಳು. ಅಷ್ಟೇ ತಂದುದು ಒಳ್ಳೆಯದಾಯಿತು. ಕಾಡಿನ ಬಂಡೆಯಿಂದ ರಾಶಿರಾಶಿಯಾಗಿ ಕಿತ್ತರೆ ಆ ಜಾಗ ಮತ್ತೆ ತುಂಬಲು ವರ್ಷಗಳೇ ಬೇಕಾಗುತ್ತವೆ. ಉಪ್ಪಿನಕಾಯಿಯ ಅಗಲ ಬಾಯಿಯ ಸೀಸೆಯನ್ನು ತೊಳೆದು, ತಳಕ್ಕೆ ಸಣ್ಣ ಕಲ್ಲು, ಅದರ ಮೇಲೆ ಮರಳು ಬೆರೆಸಿದ ಮಣ್ಣು ಹಾಕಿ, ಹಾವಸೆಯನ್ನು ಬೆರಳಿನಿಂದ ಒತ್ತಿ ಕೂರಿಸಿದಳು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ಸೀಸೆಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು, ದಿನಕ್ಕೆರಡು ಬಾರಿ ಕೊಳವೆಬಾವಿಯ ನೀರೆರೆದು ಬಿಗಿಯಾಗಿ ಮುಚ್ಚತೊಡಗಿದಳು.

ಮೂರನೆಯ ವಾರಕ್ಕೆ ಹಸಿರು ಹಳದಿಗೆ ತಿರುಗಿತು. ಒಂದು ಮಗ್ಗುಲು ಕೊಳೆತು ಬಿಳಿಯ ಬೂಷ್ಟು ಹಿಡಿಯಿತು. ತಾಯಿ ಅದನ್ನು ಹೊರಗೆ ಚೆಲ್ಲೆಂದರು. ಹುಡುಗಿ ಅಳುತ್ತ ಅಜ್ಜಿಗೆ ಫೋನು ಮಾಡಿದಳು.

“ಎಸೆಯಬೇಡ ಮಗೂ,” ಎಂದರು ಅಜ್ಜಿ. “ಬೇಸಗೆಯಲ್ಲಿ ನಮ್ಮ ಪಾಗಾರ ನೋಡಿದ್ದೀಯಲ್ಲ? ಎಲ್ಲ ಕಂದಾಗಿ ಮುರುಟಿರುತ್ತದೆ. ಒಂದು ಮಳೆ ಬೀಳಲಿ, ಸಂಜೆಗೇ ಹಸಿರು. ಕೊಳೆತದ್ದನ್ನು ಮಾತ್ರ ತೆಗೆ. ಉಳಿದದ್ದಕ್ಕೆ ಮಳೆನೀರು ಕೊಡು.”

ಅಜ್ಜಿಯ ಮಾತಿಗೆ ವಿಜ್ಞಾನದ ಬೆಂಬಲವೂ ಇದೆ. ಅನೇಕ ಹಾವಸೆಗಳು ನೀರಿಲ್ಲದಾಗ ಒಣಗಿ, ಉಸಿರು ಹಿಡಿದಂತೆ ಸುಮ್ಮನಿದ್ದು, ತೇವ ಸಿಕ್ಕೊಡನೆ ಚೇತರಿಸಿಕೊಳ್ಳುತ್ತವೆ. ಅಂಟಾರ್ಕ್ಟಿಕದ ಸಿಗ್ನಿ ದ್ವೀಪದಲ್ಲಿ 1500 ವರ್ಷಗಳಿಗೂ ಹೆಚ್ಚು ಕಾಲ ಹೆಪ್ಪುಗಟ್ಟಿದ ನೆಲದಲ್ಲಿದ್ದ ಹಾವಸೆ ಪ್ರಯೋಗಶಾಲೆಯಲ್ಲಿ ಚಿಗುರಿದ ಸಂಗತಿ 2014ರಲ್ಲಿ ಪ್ರಕಟವಾಯಿತು. ಒಣಗುವುದು ಹಾವಸೆಗೆ ಸಾವಲ್ಲ, ಕೊಳೆಯುವುದು ಸಾವು. ಹುಡುಗಿಯ ಸೀಸೆಗೆ ಮೂರು ಕಡೆಯಿಂದ ಪೆಟ್ಟು ಬಿದ್ದಿತ್ತು. ನೇರ ಬಿಸಿಲಿಗೆ ಮುಚ್ಚಿದ ಗಾಜು ಒಲೆಯಂತೆ ಕಾಯುತ್ತಿತ್ತು. ಕೊಳವೆಬಾವಿಯ ಗಡಸು ನೀರಿನ ಲವಣಗಳು ಎಲೆಗಳ ಮೇಲೆಯೇ ಉಳಿದಿದ್ದವು. ಗಾಳಿಯಾಡದೆ ನಿಂತ ನೀರು ಕೊಳೆಯುವಿಕೆಗೆ ದಾರಿಯಾಗಿತ್ತು. ವಾರ್ಡ್ ತನ್ನ ಸೀಸೆಗೆ ನೀರೆರೆಯಲೇ ಇಲ್ಲವೆಂಬುದು ಅವಳ ನೆನಪಿಗೆ ಬಂದಿರಲಿಲ್ಲ.

ಆ ವಾರ ಬೆಂಗಳೂರಿನಲ್ಲಿ ಮಳೆಯಾಯಿತು. ಹುಡುಗಿ ತಾರಸಿಯ ಮೇಲೆ ಪಾತ್ರೆಯಿಟ್ಟು ನೀರು ಹಿಡಿದಳು. ಕೊಳೆತ ಭಾಗವನ್ನು ಕತ್ತರಿಸಿ, ಉಳಿದ ಹಾವಸೆಯನ್ನು ಮಳೆನೀರಿನಲ್ಲಿ ಅದ್ದಿ ತೊಳೆದು, ಸೀಸೆಗೆ ಹೊಸ ಮಣ್ಣು ತುಂಬಿದಳು. ಬೆಳಕುಂಟು, ಬಿಸಿಲಿಲ್ಲ ಎಂಬಂತಹ ಉತ್ತರದ ಕಿಟಕಿ ಅದರ ಹೊಸ ಮನೆಯಾಯಿತು. ದಿನಕ್ಕೊಮ್ಮೆ ಮುಚ್ಚಳ ತೆರೆದು ಗಾಳಿಯಾಡಿಸುವುದು, ಗಾಜಿನ ಮೇಲೆ ಹನಿ ಕಾಣದಿದ್ದಾಗ ಮಾತ್ರ ನಾಲ್ಕು ತೊಟ್ಟು ನೀರು ಚಿಮುಕಿಸುವುದು, ಇಷ್ಟೇ ಕೆಲಸ. ಏನೂ ಮಾಡದೆ ಕಾಯುವುದು ನೀರೆರೆಯುವುದಕ್ಕಿಂತ ಕಷ್ಟವೆಂದು ಅವಳಿಗೆ ಆಗ ತಿಳಿಯಿತು.

ಹೆಚ್ಚಿನ ಭಾಗ ಕಂದಾಗಿಯೇ ಉಳಿಯಿತು. ಆದರೆ ಡಿಸೆಂಬರಿನ ಒಂದು ಬೆಳಗ್ಗೆ, ಭೂತಗನ್ನಡಿ ಹಿಡಿದು ನೋಡುತ್ತಿದ್ದಾಗ, ಗಾಜಿಗೆ ಒತ್ತಿಕೊಂಡಿದ್ದ ಅಂಚಿನಲ್ಲಿ ಸಾಸಿವೆಕಾಳಿಗಿಂತ ಸಣ್ಣ ಐದು ಹಸಿರು ಚುಕ್ಕೆಗಳು ಕಂಡವು. ಅಂದಿನಿಂದ ಆ ಸೀಸೆಗೆ ನೀರು ಹಾಕಲು ಅವಳು ಮನೆಯಲ್ಲಿ ಯಾರಿಗೂ ಬಿಡಲಿಲ್ಲ.