ಹಿತ್ತಲಿನ ದಾಸವಾಳ, ಹೊಲದ ಎಣ್ಣಿ

ಜನವಾಡದಲ್ಲಿ ನಮ್ಮ ಮನೆ ಹಿತ್ತಲು ದೊಡ್ಡದೇನಲ್ಲ. ಒಂದು ದಾಸವಾಳ, ಅದರ ಪಕ್ಕಕ್ಕೇ ಕರಿಬೇವು, ಒಂದು ಲಿಂಬಿ ಗಿಡ, ನಾಲ್ಕು ಸಾಲು ಬದನೆ, ಮೆಣಸಿನಕಾಯಿ, ಟಮಾಟಿ. ಬಚ್ಚಲ ನೀರು ಹರಿದುಹೋಗೋ ಕಡೆ ಎರಡು ಪಪ್ಪಾಯಿ. ಬೀದರಿನಿಂದ ಔರಾದ್ ಕಡೆ ಹೋಗೋ ರಸ್ತೆಯ ಆಚೀಚೆ ಊರುಗಳಲ್ಲಿ ಹೆಚ್ಚುಕಡಿಮೆ ಎಲ್ಲರ ಹಿತ್ತಲೂ ಹೀಗೇ ಇರ್ತದೆ. ಹೋದ ಸಲ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ದಾಸವಾಳದ ಕುಡಿಗಳಿಗೆಲ್ಲ ಹತ್ತಿ ಅಂಟಿಸಿದಂಗೆ ಬಿಳೀ ಬಿಳೀ ಕಾಣಿಸ್ತು. ಎಲೆ ಮುದುಡಿದ್ದವು, ಮೊಗ್ಗು ಅರಳೋಕಿಂತ ಮೊದಲೇ ಉದುರ್ತಿದ್ದವು. ದೇವರಿಗೆ ಹೂವಿಲ್ಲ ಅಂತ ಆಯಿ, ಅಂದರೆ ನಮ್ಮ ಅಜ್ಜಿ, ದಿನಾ ಗೊಣಗ್ತಿದ್ದರು.

ಕಾಕಾ ಬಂದು ನೋಡಿ ಒಂದೇ ಮಾತು ಹೇಳಿದರು: "ತೊಗರಿಗೆ ತಂದ ಎಣ್ಣಿ ಉಳದದ, ಹೊಡದ್ರ ಆಯ್ತು." ಹೊಡೆದರು. ಮೂರು ದಿನ ಗಿಡ ಸ್ವಚ್ಛ. ನಾವೂ ಖುಷಿ. ಮೂರು ವಾರಕ್ಕೆ ಅದೇ ಬಿಳಿ ಹತ್ತಿ ಎರಡರಷ್ಟಾಗಿ ವಾಪಸ್ ಬಂತು, ಈ ಸಲ ಪಪ್ಪಾಯಿಗೂ ಹತ್ತಿತ್ತು. ಕಾಕಾ ಮತ್ತೆ ಪಂಪು ಹುಡುಕ್ತಿದ್ದರು. ಅಷ್ಟೊತ್ತಿಗೆ ನಮಗೆ ಒಂದು ಡೌಟು ಬಂತು. ಪಕ್ಕದ ಕರಿಬೇವಿನ ಎಲೆಯನ್ನು ಆಯಿ ದಿನಾ ಮುಂಜಾನೆ ಹರಿದು ಒಗ್ಗರಣೆಗೆ ಹಾಕ್ತಾರಲ್ಲ? ಹೊಲದ ಔಷಧಿಗೆ ಹೊಡೆದ ಮೇಲೆ ಇಷ್ಟು ದಿನ ಬಿಟ್ಟು ಕೊಯ್ಯಬೇಕು ಅಂತ ಲೇಬಲ್ಲಿನಲ್ಲಿ ಬರೆದಿರುತ್ತೆ. ಹೊಲದಲ್ಲಿ ಅದು ನಡೆಯುತ್ತೆ, ತೊಗರಿ ಒಮ್ಮೆಗೇ ಕೊಯ್ಯೋದು. ಹಿತ್ತಲಿನಲ್ಲಿ ದಿನಾ ಕೊಯ್ಲು. "ಕಾಕಾ, ಬ್ಯಾಡ್ರಿ, ನಾಲ್ಕು ದಿನ ನಿಲ್ರಿ" ಅಂದೆವು. ಈ ಲೇಖನ ಆ ನಾಲ್ಕು ದಿನದಲ್ಲಿ ಮತ್ತು ಆಮೇಲೆ ನಾವು ಕಲಿತದ್ದು. ಮನೆಯಲ್ಲಿ ಗಿಡ ಇರುವವರಿಗೂ, ರೂಂ ಬಾಲ್ಕನಿಯಲ್ಲಿ ಎರಡು ಕುಂಡ ಇಟ್ಟವರಿಗೂ ಉಪಯೋಗ ಆದೀತು.

ಆ ಬಿಳಿ ಹತ್ತಿಯ ಹೆಸರು ಹಿಟ್ಟು ತಿಗಣೆ. ಇಂಗ್ಲಿಷ್ ಮೀಡಿಯಮ್ಮಿನ ನಮಗೆ ಮೀಲಿಬಗ್ ಅಂದರೆ ಬೇಗ ತಿಳಿಯುತ್ತೆ, ಆದರೆ ಹಿಟ್ಟು ತಿಗಣೆ ಅನ್ನೋದೇ ಒಳ್ಳೆಯ ಹೆಸರು. ನೋಡೋಕೆ ಹಿಟ್ಟಿನಲ್ಲಿ ಹೊರಳಾಡಿದ ತಿಗಣೆ ತರಾನೇ ಇದೆ. ಆ ಹಿಟ್ಟು ನಿಜದಲ್ಲಿ ಮೇಣ. ಔಷಧಿಯ ಹನಿ ಅದರ ಮೇಲೆ ನಿಲ್ಲದೆ ಜಾರಿಹೋಗುತ್ತೆ. ಮೊಟ್ಟೆಗಳು ಹತ್ತಿಯಂಥ ಚೀಲದೊಳಗೆ, ಹುಳ ಎಲೆಯ ಸಂದಿಯಲ್ಲಿ. ಅಂದರೆ ನಾವು ಹೊಡೆದ ಎಣ್ಣಿಯಿಂದ ಒಂದಿಷ್ಟು ಸತ್ತರೂ ಬಹಳಷ್ಟು ಆರಾಮಾಗಿ ಉಳಿಯುತ್ತವೆ. ಹಾಗಾದರೆ ಸಾಯೋದು ಯಾರು? ಅದನ್ನು ತಿನ್ನೋಕೆ ಬಂದವರು. ಗುಲಗಂಜಿ ಹುಳು, ಅದರ ಮರಿ, ಸಣ್ಣ ಕಣಜ. ಇವಕ್ಕೆ ತಿಗಣೆಯಂತೆ ಅಡಗೋ ಚಾಳಿ ಇಲ್ಲ, ಊಟ ಹುಡುಕುತ್ತಾ ಎಲೆ ಮೇಲೆಲ್ಲಾ ಓಡಾಡ್ತಾ ಇರುತ್ತವೆ, ಮೊದಲು ಅವೇ ಹೋಗುತ್ತವೆ.

ಇದಕ್ಕೆ ಗಣಿತವೂ ಇದೆ. ಒಂದನೇ ಮಹಾಯುದ್ಧದ ವರ್ಷಗಳಲ್ಲಿ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ಕಡಿಮೆಯಾದಾಗ, ಬಲೆಗೆ ಬಿದ್ದ ಮೀನುಗಳಲ್ಲಿ ಶಾರ್ಕಿನಂಥ ಬೇಟೆಗಾರ ಮೀನಿನ ಪಾಲು ಹೆಚ್ಚಾಗಿತ್ತು. ಯಾಕೆ ಅಂತ ವೋಲ್ಟೆರಾ ಎಂಬ ಇಟಲಿಯ ಗಣಿತಜ್ಞ ಲೆಕ್ಕ ಹಾಕಿದ. ಅದೇ ನಾವು ಡಿಫರೆನ್ಶಿಯಲ್ ಈಕ್ವೇಷನ್ನಿನಲ್ಲಿ ಕೇಳಿರೋ ಲೋಟ್ಕಾ-ವೋಲ್ಟೆರಾ ಮಾಡೆಲ್. ಅದರಲ್ಲಿ ಕೀಟದ ಸರಾಸರಿ ಸಂಖ್ಯೆ ನಿಂತಿರೋದು ಅದನ್ನು ತಿನ್ನುವವರ ಸಾವಿನ ದರದ ಮೇಲೆ. ನೀವು ಇಬ್ಬರನ್ನೂ ಒಂದೇ ದರದಲ್ಲಿ ಕೊಂದರೆ ತಿನ್ನುವವರ ಸಾವಿನ ದರ ಏರುತ್ತೆ, ಅದರ ಜೊತೆ ಕೀಟದ ಸರಾಸರಿಯೂ ಏರುತ್ತೆ. ಪರೀಕ್ಷೆಗೆ ಓದಿ ಮರೆತಿದ್ದ ಈಕ್ವೇಷನ್ ನಮ್ಮ ದಾಸವಾಳದ ಮೇಲೆ ಕೂತಿತ್ತು! ಮಾಡೆಲ್ ಬಹಳ ಸರಳ, ಹಿತ್ತಲು ಅಷ್ಟು ಸರಳ ಅಲ್ಲ, ಅದು ಬೇರೆ ಮಾತು.

ಇದು ಪುಸ್ತಕದ ಮಾತಷ್ಟೇ ಅಲ್ಲ ಅನ್ನೋದಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ಪಪ್ಪಾಯಿ ಹಿಟ್ಟು ತಿಗಣೆ ಮೆಕ್ಸಿಕೊ ಕಡೆಯ ಹುಳ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನು ಹಾಳುಮಾಡುತ್ತಾ ಕರ್ನಾಟಕಕ್ಕೂ ಬಂತು. ರೈತರು ಎಷ್ಟು ಔಷಧಿ ಹೊಡೆದರೂ ಬಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ಸಂಸ್ಥೆ, ಈಗ ಅದರ ಹೆಸರು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ, ಪೋರ್ಟೊರಿಕೊದಿಂದ ಮೂರು ಜಾತಿಯ ಸಣ್ಣ ಕಣಜಗಳನ್ನು ತರಿಸಿ, ಸಾಕಿ, ತೋಟಗಳಿಗೆ ಬಿಟ್ಟಿತು. ಅವುಗಳಲ್ಲಿ ಹೆಚ್ಚು ಕೆಲಸ ಮಾಡಿದ ಅಸಿರೋಫೇಗಸ್ ಪಪಾಯೆ ಒಂದು ಮಿಲಿಮೀಟರಿಗಿಂತ ಚಿಕ್ಕದು. ಅದು ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತೆ, ಮರಿ ಒಳಗಿಂದಲೇ ತಿಂದು ಹೊರಗೆ ಬರುತ್ತೆ. ಔಷಧಿಗೆ ಬಗ್ಗದ ಹುಳ ಈ ಕಣಜಕ್ಕೆ ಬಗ್ಗಿತು.

ಈಗ ನಮ್ಮ ತಪ್ಪು. ಎಣ್ಣಿ ಬೇಡ ಅಂದ ಮೇಲೆ ಹಳೇ ಟೂತ್‌ಬ್ರಷ್ ಹಿಡಿದು ತಿಗಣೆ ಉಜ್ಜಿ ತೆಗೆಯೋಕೆ ಕೂತೆವು. ಕೆಲವು ಮಾತ್ರ ದೊಡ್ಡವು, ಬಿಳೀ ಎಳೆ ಉದ್ದುದ್ದ, ಜೋರಾಗಿ ಓಡ್ತಿದ್ದವು. ಇವೇ ಲೀಡರ್ ಇರಬೇಕು ಅಂತ ಹುಡುಕಿ ಹುಡುಕಿ ಒರೆಸಿದೆವು. ಆಮೇಲೆ ಫೋಟೋ ಹೋಲಿಸಿ ನೋಡಿದಾಗ ಗೊತ್ತಾಯಿತು, ಅವು ಗುಲಗಂಜಿ ಹುಳುವಿನ ಮರಿಗಳು. ಕೆಲವು ಜಾತಿಯ ಮರಿ ತಾನು ತಿನ್ನೋ ತಿಗಣೆಯಂತೆಯೇ ಮೈಗೆ ಮೇಣ ಹಚ್ಚಿಕೊಂಡಿರುತ್ತೆ. ಹಂಗಾಗಿ ನೆನಪಿಡಿ: ಗುಂಪಾಗಿ ಅಂಟಿಕೊಂಡು ಅಲುಗಾಡದೆ ಇದ್ದರೆ ತಿಗಣೆ, ಒಂಟಿಯಾಗಿ ಚುರುಕಾಗಿ ಓಡಾಡಿದರೆ ಮುಟ್ಟಬೇಡಿ.

ಕೊನೆಗೆ ಕೆಲಸಕ್ಕೆ ಬಂದದ್ದು ಬಹಳ ಸಾದಾ ಉಪಾಯ. ಪೂರ್ತಿ ಮುದುಡಿದ ಕುಡಿಗಳನ್ನು ಕತ್ತರಿಸಿ ಸಾಬೂನು ನೀರಿನ ಬಕೆಟ್ಟಿಗೆ ಹಾಕಿದೆವು, ತಿಪ್ಪೆಗೆ ಎಸೆಯಲಿಲ್ಲ. ಎರಡು ದಿನಕ್ಕೊಮ್ಮೆ ಮುಂಜಾನೆ ನಳದ ಪೈಪಿಗೆ ಬೆರಳು ಒತ್ತಿ ಎಲೆಯ ಕೆಳಗಿನಿಂದ ಜೋರಾಗಿ ನೀರು ಬಿಟ್ಟೆವು. ಕೆಳಗೆ ಬಿದ್ದ ತಿಗಣೆಗಳಲ್ಲಿ ಹೆಚ್ಚಿನವು ಮತ್ತೆ ಮೇಲೆ ಹತ್ತೋದಿಲ್ಲ. ವಾರಕ್ಕೊಮ್ಮೆ ಸಂಜೆ, ಒಂದು ಲೀಟರ್ ನೀರಿಗೆ 5 ಎಂಎಲ್ ಪಾತ್ರೆ ತೊಳೆಯೋ ಲಿಕ್ವಿಡ್ ಕಲಸಿ ಹುಳಕ್ಕೆ ತಾಗುವ ಹಾಗೆ ಹೊಡೆದು, ಒಂದೆರಡು ತಾಸು ಬಿಟ್ಟು ಬರೀ ನೀರಿನಿಂದ ತೊಳೆದೆವು. ಮೊದಲು ಒಂದೇ ಎಲೆಗೆ ಹಚ್ಚಿ ಒಂದು ದಿನ ನೋಡಿ, ಸುಟ್ಟರೆ ಇನ್ನೂ ತೆಳು ಮಾಡಿ. ನಮ್ಮ ಕಡೆಯ ಬೇಸಿಗೆ ಬಿಸಿಲಿನಲ್ಲಂತೂ ಹಗಲು ಹೊಡೆಯಲೇಬೇಡಿ.

ಇವೆಲ್ಲಕ್ಕಿಂತ ಹೆಚ್ಚು ಫರಕ್ ಮಾಡಿದ್ದು ಇರುವೆ. ತಿಗಣೆ ಗಿಡದ ರಸ ಹೀರಿ ಸಿಹಿ ಅಂಟು ಬಿಡುತ್ತೆ, ಇರುವೆಗೆ ಅದೇ ಬೇಕು. ಅದಕ್ಕೇ ತಿಗಣೆಗೆ ಕಾವಲು ಕಾಯುತ್ತೆ, ಗುಲಗಂಜಿ ಹುಳು ಬಂದರೆ ಓಡಿಸುತ್ತೆ. ಎಲೆ ಮೇಲೆ ಮಸಿ ಬಳಿದಂಗೆ ಕಪ್ಪಾಗೋದೂ ಆ ಅಂಟಿನ ಮೇಲೆ ಬೆಳೆಯೋ ಬೂಷ್ಟಿನಿಂದಲೇ. ದಾಸವಾಳದ ಬುಡಕ್ಕೆ ಅಗಲದ ಟೇಪು ಸುತ್ತಿ, ಅದರ ಮೇಲೆ ಗ್ರೀಸು ಹಚ್ಚಿದೆವು. ತೊಗಟೆಗೆ ನೇರ ಗ್ರೀಸು ಬೇಡ. ಗೋಡೆಗೆ ತಾಗ್ತಿದ್ದ ಟೊಂಗೆ ಕತ್ತರಿಸಿದೆವು, ಇಲ್ಲಾಂದರೆ ಇರುವೆ ಅಲ್ಲಿಂದ ಬೈಪಾಸ್ ಮಾಡುತ್ತೆ. ಕುಂಡ ಆದರೆ ಇನ್ನೂ ಸುಲಭ: ನೀರಿನ ತಟ್ಟೆಯಲ್ಲಿ ಇಟ್ಟಿಗೆ, ಇಟ್ಟಿಗೆ ಮೇಲೆ ಕುಂಡ. ಐದಾರು ವಾರಕ್ಕೆ ಆಯಿಗೆ ಹೂವು ಸಿಕ್ಕಿತು. ತಿಗಣೆ ಪೂರ್ತಿ ಹೋಗಿಲ್ಲ, ಈಗಲೂ ಒಂದೆರಡು ಸಂದಿಯಲ್ಲಿ ಇವೆ. ಇರಲಿ ಅಂತ ಬಿಟ್ಟಿದ್ದೇವೆ, ಗುಲಗಂಜಿಗೂ ಊಟ ಬೇಕಲ್ಲ.

ಉಳಿದ ಗಿಡಗಳ ಮಾತು ಬೇಗ ಹೇಳಿಬಿಡ್ತೇವೆ. ಮೆಣಸಿನ ಗಿಡದ ಎಲೆ ಮುದುಡಿದರೆ ಎಲ್ಲರೂ ಅದಕ್ಕೆ ಒಂದೇ ಹೆಸರು ಹೇಳ್ತಾರೆ, ಮುಟುರು ರೋಗ. ಆದರೆ ಎಲೆ ಯಾವ ಕಡೆ ಮಡಚಿದೆ ಅಂತ ನೋಡಬೇಕು. ದೋಣಿಯಂತೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್. ದೋಣಿ ಬೋರಲು ಹಾಕಿದಂತೆ ಕೆಳಕ್ಕೆ ಮಡಚಿ, ಎಲೆಯ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಈ ನುಸಿ ಕೀಟವೇ ಅಲ್ಲ, ಜೇಡದ ಬಳಗ, ಎಂಟು ಕಾಲು. ಸಾಮಾನ್ಯ ಕೀಟನಾಶಕ ಬಹಳಷ್ಟು ಸಲ ಅದಕ್ಕೆ ತಾಗೋದೇ ಇಲ್ಲ, ಅದನ್ನು ತಿನ್ನುವವರಿಗೆ ಮಾತ್ರ ತಾಗುತ್ತೆ. ನುಸಿಗೆ ನೀರಲ್ಲಿ ಕಲಸೋ ಗಂಧಕದ ಪುಡಿ, ಲೀಟರಿಗೆ 3 ಗ್ರಾಂ, ಅದೂ ಬಿಸಿಲು ಕಡಿಮೆ ಇರೋ ದಿನ. ಬೇವಿನ ಎಣ್ಣೆ ಹೊಡೆದ ಒಂದೆರಡು ವಾರದಲ್ಲಿ ಗಂಧಕ ಹೊಡೆಯಬೇಡಿ, ಎಲೆ ಸುಡುತ್ತೆ.

ಥ್ರಿಪ್ಸ್, ಹೇನು, ಎಲೆ ತಿನ್ನೋ ಸಣ್ಣ ಹುಳಗಳಿಗೆ ಬೇವಿನ ಬೀಜದ ಕಷಾಯ ಸಾಕು. ನಮ್ಮ ಕಡೆ ಜೂನ್, ಜುಲೈನಲ್ಲಿ ಬೇವಿನ ಹಣ್ಣು ನೆಲಕ್ಕೆ ಹಾಸಿದಂಗೆ ಬೀಳುತ್ತೆ, ಆರಿಸಿ ಒಣಗಿಸಿ ಇಡಿ. 50 ಗ್ರಾಂ ಬೀಜದ ತಿರುಳು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ರಾತ್ರಿಯೆಲ್ಲ ಒಂದು ಲೀಟರ್ ನೀರಿನಲ್ಲಿ ನೆನೆಸಿ, ಹಿಂಡಿ ಸೋಸಿ, ಚೂರು ಸಾಬೂನು ಸೇರಿಸಿ ಅವತ್ತೇ ಸಂಜೆ ಹೊಡೀಬೇಕು. ಅದರೊಳಗಿನ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಕೆಡುತ್ತೆ. ಹುಳ ತಕ್ಷಣ ಸಾಯಲ್ಲ, ತಿನ್ನೋದು ಬಿಡುತ್ತೆ, ಪೊರೆ ಕಳಚೋಕಾಗದೆ ನಿಧಾನಕ್ಕೆ ಹೋಗುತ್ತೆ. ಮರುದಿನ ಹುಳ ಕಂಡು "ಬೇವು ಕೆಲಸ ಮಾಡಲ್ಲ" ಅನ್ನೋರು ಇಷ್ಟು ತಿಳಿದರೆ ಸಾಕು. ಬೇವನ್ನು ಶಿಲೀಂಧ್ರನಾಶಕವಾಗಿ ಬಳಸೋದಕ್ಕೆ ಒಂದು ಅಮೆರಿಕನ್ ಕಂಪನಿಗೂ ಅಲ್ಲಿನ ಕೃಷಿ ಇಲಾಖೆಗೂ 1994ರಲ್ಲಿ ಯುರೋಪಿನ ಪೇಟೆಂಟ್ ಸಿಕ್ಕಿತ್ತು. ಇದು ಭಾರತದಲ್ಲಿ ಮೊದಲೇ ಗೊತ್ತಿದ್ದದ್ದು ಅಂತ 2000ದಲ್ಲಿ ಅದು ರದ್ದಾಯಿತು, 2005ರಲ್ಲಿ ಮೇಲ್ಮನವಿಯೂ ಬಿತ್ತು.

ಬದನೆಯ ಕುಡಿ ಬಾಡಿ ಜೋತುಬಿದ್ದರೆ ನೀರು ಕಡಿಮೆ ಆಗಿದೆ ಅಂದ್ಕೋಬೇಡಿ, ಒಳಗೆ ಕೊರೆಯೋ ಹುಳ ಇದೆ. ಮೇಲಿಂದ ಏನು ಹೊಡೆದರೂ ಅದಕ್ಕೆ ಮುಟ್ಟಲ್ಲ. ಬಾಡಿದ ಕುಡಿಯನ್ನು ಒಂದಿಂಚು ಕೆಳಗೆ ಕತ್ತರಿಸಿ ಸಾಬೂನು ನೀರಿಗೆ ಹಾಕಿ. ಲಿಂಬಿ ಎಲೆ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಕಂಡರೆ ಅದು ಚಿಟ್ಟೆಯ ಮರಿ. ಸಣ್ಣ ಗಿಡ ಆದರೆ ಕೈಯಿಂದ ತೆಗೆಯಿರಿ, ದೊಡ್ಡ ಗಿಡಕ್ಕೆ ನಾಲ್ಕು ಎಲೆ ಹೋದರೆ ಏನೂ ಆಗಲ್ಲ.

ಎಷ್ಟೋ ಸಲ ಹುಳವೇ ಇರಲ್ಲ. ನಮ್ಮ ಕರಿ ಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ಕೂರುತ್ತೆ, ಬೇರಿಗೆ ಗಾಳಿ ಸಿಗಲ್ಲ, ಎಲೆ ಹಳದಿ. ಕೆಳಗಿನ ಹಳೇ ಎಲೆ ಮೊದಲು ಹಳದಿಯಾದರೆ ಸಾರಜನಕ ಕಡಿಮೆ, ಗೊಬ್ಬರ ಹಾಕಿ. ಮೇಲಿನ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣದ ಕೊರತೆ. ಸುಣ್ಣದ ಅಂಶದ ಕರಿ ಮಣ್ಣಿನಲ್ಲಿ ಕಬ್ಬಿಣ ಇರುತ್ತೆ, ಗಿಡಕ್ಕೆ ಸಿಗಲ್ಲ. ಲೀಟರಿಗೆ 5 ಗ್ರಾಂ ಅನ್ನಭೇದಿ, ಸ್ವಲ್ಪ ಲಿಂಬಿ ರಸ ಸೇರಿಸಿ ಎಲೆಗೆ ಹೊಡೆದರೆ ಹೊಸ ಎಲೆ ಹಸಿರಾಗಿ ಬರುತ್ತೆ. ಟಮಾಟಿಯ ತಳ ಕಪ್ಪಾಗಿ ಕೂತಿದ್ದರೆ ಒಂದು ದಿನ ಒಣಗಿಸಿ ಒಂದು ದಿನ ಮುಳುಗಿಸಿದ್ದೀರಿ. ಹಾಸ್ಟೆಲ್ ಕುಂಡದ್ದು ಬಹುಪಾಲು ಒಂದೇ ಕಾಯಿಲೆ: ತಳದಲ್ಲಿ ತೂತಿಲ್ಲ.

ಇನ್ನು ಕಾಕಾನ ಎಣ್ಣಿ. ನಮ್ಮ ಕಡೆ ಕೀಟನಾಶಕಕ್ಕೂ ಎಣ್ಣಿ ಅಂತಾರೆ, ಅಡುಗೆ ಎಣ್ಣೆಗೂ ಎಣ್ಣಿ ಅಂತಾರೆ. ಚಿಕ್ಕಂದಿನಿಂದ ಕೇಳಿದ ಮಾತು, ಒಮ್ಮೆಯೂ ವಿಚಿತ್ರ ಅನಿಸಿರಲಿಲ್ಲ. ಉಳಿದ ಔಷಧಿ ಎಲ್ಲಿದೆ ಅಂತ ಹುಡುಕಿದಾಗ ಅದು ಅಡುಗೆಮನೆ ಬಾಗಿಲ ಹಿಂದಿನ ಗೂಡಿನಲ್ಲಿ, ತಂಪು ಪಾನೀಯದ ಬಾಟಲಿಯಲ್ಲಿ ಇತ್ತು. ಅಂಗಡಿಯ ಡಬ್ಬಿ ಮೇಲೆ ವಜ್ರದ ಆಕಾರದ ಗುರುತು ಇರುತ್ತೆ: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಬಾಟಲಿಗೆ ಸುರಿದ ಮೇಲೆ ಆ ಗುರುತೂ ಇಲ್ಲ, ಹೆಸರೂ ಇಲ್ಲ. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೋನೋಕ್ರೋಟೋಫಾಸ್ ಇದ್ದದ್ದು ಲ್ಯಾಬ್ ಪರೀಕ್ಷೆಯಲ್ಲಿ ಗೊತ್ತಾಯಿತು. ಅದನ್ನು ತರಕಾರಿಗೆ ಬಳಸೋದನ್ನು ನಮ್ಮ ದೇಶದಲ್ಲಿ 2005ರಲ್ಲೇ ನಿಷೇಧಿಸಿದ್ದರು. ಇದನ್ನು ಓದಿ ಹೇಳಿದಾಗ ಆಯಿ ಏನೂ ಮಾತಾಡದೆ ಎದ್ದು ಹೋಗಿ ಗೂಡಿನ ಕಡೆ ನೋಡಿದರು. ಕಾಕಾ ಸಂಜೆನೇ ಬಾಟಲಿ ಒಯ್ದು ಹೊಲದ ಶೆಡ್ಡಿನಲ್ಲಿ ಬೀಗ ಹಾಕಿ ಇಟ್ಟರು. ಬಾಟಲಿಗೆ ಚೀಟಿ ಅಂಟಿಸಿ "ವಿಷ" ಅಂತ ನಾವೇ ಬರೆದೆವು, ಎಣ್ಣಿ ಅಂತ ಬರೆಯಲಿಲ್ಲ.

ನಿಮ್ಮ ಗಿಡಕ್ಕೆ ಏನಾಗಿದೆ ಅಂತ ತಿಳಿಯದಿದ್ದರೆ ಬೀದರಿನವರಿಗೆ ಜನವಾಡ ರಸ್ತೆಯಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ, ರಾಯಚೂರು ಕೃಷಿ ವಿಶ್ವವಿದ್ಯಾಲಯದ್ದು. ಬೇರೆ ಊರಿನವರು 1800-180-1551ಕ್ಕೆ ಫೋನ್ ಮಾಡಿ, ಕಿಸಾನ್ ಕಾಲ್ ಸೆಂಟರ್, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಒಣಗಿದ ಒಂದೇ ಎಲೆ ಒಯ್ಯಬೇಡಿ. ಹುಳ ಇರೋ ಕುಡಿ, ಅದೇ ಗಿಡದ ಒಂದು ಒಳ್ಳೆಯ ಎಲೆ, ಎರಡನ್ನೂ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ ಒಯ್ಯಿರಿ. ಇದುವರೆಗೆ ಏನೇನು ಹೊಡೆದಿದ್ದೀರಿ ಅನ್ನೋದನ್ನೂ ಮುಚ್ಚಿಡದೆ ಹೇಳಿ.