ಮಾರ್ಕೆಟ್ಟು ನೋಡಿ ಒಲೆ ಹಚ್ಚು

ನೋಡಮ್ಮ, ಬೆಂಗಳೂರಿನಲ್ಲಿ ಹೊಸದಾಗಿ ಸಂಸಾರ ಹೂಡಿದ್ದೀಯ. ತರಕಾರಿ ವಿಚಾರದಲ್ಲಿ ನಿನಗೊಂದು ಮಾತು ಹೇಳಬೇಕು. ಇವತ್ತು ಇಂಥದ್ದೇ ಅಡುಗೆ ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಮಾರ್ಕೆಟ್ಟಿಗೆ ಹೋಗಬೇಡ. ಯಾವುದು ರಾಶಿ ಬಿದ್ದಿದೆ, ಯಾವುದರ ಬೆಲೆ ಇಳಿದಿದೆ, ಮೊದಲು ಅದನ್ನು ನೋಡು. ಆ ಕಾಲದ ತರಕಾರಿ ಬಹುಪಾಲು ಅದೇ ಆಗಿರುತ್ತದೆ. ಸಾರೋ ಪಲ್ಯವೋ ಆಮೇಲೆ ಯೋಚಿಸಿದರಾಯಿತು.

ಅವರೆಕಾಯಿಯನ್ನೇ ತೆಗೆದುಕೋ. ನಮ್ಮ ನಾಟಿ ಅವರೆ ಹೂ ಬಿಡಬೇಕಾದರೆ ಹಗಲು ಗಿಡ್ಡವಾಗಬೇಕು. ಮಳೆಗಾಲದಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿಗೆ ಬಿತ್ತಿದ್ದು, ರಾಗಿ ತೆನೆ ಬಲಿಯುವ ಹೊತ್ತಿಗೆ ಹೂವಾಗಿ, ಮಾರ್ಗಶಿರ–ಪುಷ್ಯದ ಇಬ್ಬನಿಯಲ್ಲಿ ಕಾಯಿ ತುಂಬಿಕೊಳ್ಳುತ್ತದೆ. ಆಗ ಸುಲಿದ ಕೈಗೆಲ್ಲ ಸೊಗಡು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಹಂಗಿಲ್ಲದೆ ಬೇರೆ ಕಾಲದಲ್ಲೂ ಕಾಯಿ ಬಿಡುವ ‘ಹೆಬ್ಬಾಳ ಅವರೆ’ ತಳಿಗಳನ್ನು ಕೊಟ್ಟಿದ್ದಾರೆ. ರೈತರಿಗೆ ಅನುಕೂಲವೇ ಆಯಿತು. ಆದರೆ ಆ ಸೊಗಡು ಬೇಕೆಂದರೆ ಚಳಿಗಾಲಕ್ಕೇ ಕಾಯಬೇಕು, ಕಾಯುವುದರಲ್ಲಿ ಸುಖವೂ ಇದೆ.

ಒಂದೇ ಹೊಲದ ರಾಗಿ, ಅವರೆ ತಟ್ಟೆಯಲ್ಲೂ ಜೋಡಿಯೇ. ರಾಗಿಯ ಪ್ರೋಟೀನಿನಲ್ಲಿ ಲೈಸಿನ್ ಸಾಲದು, ಅವರೆ ಅದನ್ನು ತುಂಬಿಕೊಡುತ್ತದೆ. ಅವರೆಯಲ್ಲಿ ಕೊರೆಯಾದ ಮೆಥಿಯೊನಿನ್ ರಾಗಿಯಲ್ಲಿದೆ. ಮುದ್ದೆ, ಅವರೆಕಾಳು ಸಾರು ಉಂಡವರ ದೇಹಕ್ಕೆ ಎರಡೂ ದಕ್ಕುತ್ತವೆ. ಹಿತಕಿದ ಬೇಳೆ ಹಬ್ಬಕ್ಕಿರಲಿ, ದಿನಾ ಸಿಪ್ಪೆ ಹಿತುಕಿ ಎಸೆದರೆ ನಾರೂ ಅದರ ಜೊತೆಗೇ ಹೋಗುತ್ತದೆ. ರಕ್ತಕ್ಕೆ ಸಕ್ಕರೆ ಒಮ್ಮೆಲೇ ನುಗ್ಗದಂತೆ ತಡೆಯುವುದು ಆ ನಾರು. ಕಾಳನ್ನು ಮಾತ್ರ ಮೆತ್ತಗೆ ಬೇಯಿಸು. ಅರೆಬೆಂದದ್ದು ಹೊಟ್ಟೆ ಕೆಡಿಸುತ್ತದೆ.

ಮಳೆ ಬಿದ್ದ ಮೇಲೆ ಬೆರಕೆ ಸೊಪ್ಪು ಬರುತ್ತದಲ್ಲ, ಅಣ್ಣೆ, ಕನ್ನೆ, ಗೋಣಿ, ಹೊನಗೊನ್ನೆ, ಬಿಡಬೇಡ. ಕಿತ್ತ ಗಳಿಗೆಯಿಂದಲೇ ಸೊಪ್ಪಿನ ಸಿ ವಿಟಮಿನ್ ಇಳಿಯಲು ಶುರುವಾಗುತ್ತದೆ, ಆದ್ದರಿಂದ ಬೆಳಿಗ್ಗೆ ತಂದದ್ದನ್ನು ಅವತ್ತೇ ಬೇಯಿಸು. ತೊಳೆದು ಹೆಚ್ಚು, ಹೆಚ್ಚಿ ತೊಳೆಯಬೇಡ. ಬೆಂದ ನೀರಿಗೆ ಇಳಿದ ಸತ್ವವೆಲ್ಲ ಬಸ್ಸಾರಿನಲ್ಲಿ ತಟ್ಟೆಗೇ ವಾಪಸು ಬರುತ್ತದೆ, ನಮ್ಮ ಹೆಂಗಸರ ಜಾಣತನಕ್ಕೆ ನಾನು ಕೈಮುಗಿಯುವುದು ಇಂಥ ಕಡೆ. ಬಡಿಸುವಾಗ ನಿಂಬೆಹಣ್ಣು ಹಿಂಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ನಿನಗೆ ಮೊದಲಿಂದ ರಕ್ತ ಕಡಿಮೆ, ಇದನ್ನು ಮರೆಯಬೇಡ. ಮೋರಿ ನೀರು ಸೇರುವ ಕೆರೆಯಂಚಿನ ಸೊಪ್ಪು ಮಾತ್ರ ಎಷ್ಟೇ ಹಸಿರಾಗಿದ್ದರೂ ಬೇಡ.

ಬೇಸಿಗೆಗೆ ಸೋರೆ, ಹೀರೆ, ಪಡವಲ, ಬೂದುಗುಂಬಳ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರೇ ಇರುವ ಕಾಯಿಗಳು, ಸೆಕೆಗೆ ಹಿತ. ಆದರೆ ಸೋರೆ ಹೆಚ್ಚಿದ ಕೂಡಲೇ ಒಂದು ಚೂರು ನಾಲಿಗೆಗೆ ತಾಕಿಸಿ ನೋಡು. ಕಹಿ ಇದ್ದರೆ ಉಗಿದು, ಇಡೀ ಕಾಯಿ ಎಸೆದುಬಿಡು. ಆ ಕಹಿ ವಿಷ, ಬೇಯಿಸಿದರೂ ಹೋಗದು. ಕಹಿ ಸೋರೆ ಜ್ಯೂಸು ಕುಡಿದು ಪ್ರಾಣ ಕಳೆದುಕೊಂಡವರೇ ಇದ್ದಾರೆ.

ಹಣ್ಣು, ತರಕಾರಿ ಸೇರಿ ಒಬ್ಬೊಬ್ಬರಿಗೆ ದಿನಕ್ಕೆ ಕಡಿಮೆಯೆಂದರೂ 400 ಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಯಾ ಕಾಲದ್ದನ್ನೇ ಕೊಂಡರೆ ನಿಮ್ಮಿಬ್ಬರ ಸಂಬಳಕ್ಕೆ ಅದೇನೂ ಭಾರವಲ್ಲ. ಈ ಭಾನುವಾರ ಬೆಳಿಗ್ಗೆ ಅಳಿಯಂದಿರನ್ನೂ ಕರೆದುಕೊಂಡು ಹೋಗು, ಆರಿಸುವುದು ಅವರಿಗೂ ಬರಲಿ.