ದ್ರಾಕ್ಷಿ ಸೀಮೆಯ ಕಾಲೇಜಿನಲ್ಲಿ ಬ್ಯಾಲೆಯ ಮೊದಲ ಪಾಠ

ಕಾಲೇಜು ಮಕ್ಕಳಿಗೆ ಬ್ಯಾಲೆ ಪರಿಚಯಿಸೋಣ ಎಂದಾಕ್ಷಣ ಎಲ್ಲರ ಬಾಯಲ್ಲೂ ಬರುವುದು ‘ಸ್ವಾನ್ ಲೇಕ್’. ತೇನಿ, ಕಂಬಂ, ದಿಂಡಿಗಲ್ ಕಡೆಯವರು ಅದನ್ನು ಸದ್ಯಕ್ಕೆ ಬದಿಗಿಟ್ಟು ‘ಜಿಸೆಲ್’ನಿಂದ ಶುರು ಮಾಡುವುದು ಒಳ್ಳೆಯದು. ಅದರ ಮೊದಲ ಅಂಕ ನಡೆಯುವುದೇ ದ್ರಾಕ್ಷಿ ಸುಗ್ಗಿಯಲ್ಲಿ.

ಜಿಸೆಲ್ ಮೊದಲ ಸಲ ರಂಗಕ್ಕೆ ಬಂದದ್ದು 1841ರಲ್ಲಿ, ಪ್ಯಾರಿಸ್‌ನಲ್ಲಿ. ಕಥೆ ಜರ್ಮನಿಯ ರೈನ್ ಸೀಮೆಯ ಹಳ್ಳಿಯದು. ಬುಟ್ಟಿ ಹಿಡಿದು ತೋಟಕ್ಕೆ ಹೊರಟ ಹೆಣ್ಣುಮಕ್ಕಳು, ಸುಗ್ಗಿಯ ರಾಣಿಯಾಗಿ ಕಿರೀಟ ತೊಡುವ ಜಿಸೆಲ್, ಹಳ್ಳಿಗನ ವೇಷ ಹಾಕಿಕೊಂಡು ಅವಳ ಬೆನ್ನು ಬೀಳುವ ಸಿರಿವಂತರ ಮನೆಯ ಆಲ್ಬ್ರೆಕ್ಟ್. ಇತ್ತ ಕಂಬಂ ಕಣಿವೆಯ ಸುರುಳಿಪಟ್ಟಿ, ಕಾಮಯ್ಯಗೌಂಡನಪಟ್ಟಿ ಕಡೆ ಚಪ್ಪರದ ಮೇಲೆ ತೂಗುವುದು ಪನ್ನೀರ್ ದ್ರಾಕ್ಷಿ. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಅದನ್ನು ತಮಿಳುನಾಡಿಗೆ ತಂದವನು ಒಬ್ಬ ಫ್ರೆಂಚ್ ಪಾದ್ರಿ, 1832ರಲ್ಲಿ ಎನ್ನುತ್ತಾರೆ. ಅದೇ ವರ್ಷ ಪ್ಯಾರಿಸ್‌ನಲ್ಲಿ ಮರಿ ತಾಲ್ಯೋನಿ ‘ಲಾ ಸಿಲ್ಫೀಡ್’ನಲ್ಲಿ ಕಾಲ್ಬೆರಳ ತುದಿಯ ಮೇಲೆ ಕುಣಿದು ಊರನ್ನೇ ಮರುಳು ಮಾಡಿದ್ದಳು. ಎರಡಕ್ಕೂ ಸಂಬಂಧವೇನಿಲ್ಲ, ಮಾತು ಶುರು ಮಾಡಲು ಮಾತ್ರ ಒಳ್ಳೆಯ ನೆಪ.

ಈ ಭಾಗದ ತರಗತಿಯಲ್ಲಿ ಭಾಷೆ ಬಗೆಬಗೆಯದು. ಕಾಪ್ಪಿಲಿಯ ಒಕ್ಕಲಿಗರ, ಅನುಪ್ಪರ ಮನೆಗಳಲ್ಲಿ ಕನ್ನಡ, ನಾಯಕ್ಕರ್ ಮನೆಗಳಲ್ಲಿ ತೆಲುಗು, ಶಾಲೆ ಕಾಲೇಜಿನಲ್ಲಿ ತಮಿಳು. ಮಾತೇ ಇಲ್ಲದೆ ಎರಡು ಗಂಟೆ ಕಥೆ ಹೇಳುವ ಕಲೆಗೆ ಇಂಥ ಸಭೆ ಅನುಕೂಲವೇ. ಕಲಾ ಸಂಘದ ಉಸ್ತುವಾರಿ ಹೊತ್ತ ಮೇಷ್ಟ್ರಿಗೆ, ಅಥವಾ ಕಿರಿಯರಿಗೆ ಏನಾದರೂ ಹೊಸದು ತೋರಿಸಬೇಕೆಂದಿರುವ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಈ ಲೇಖನ. ನಿಮ್ಮಲ್ಲಿ ಬ್ಯಾಲೆ ಗುರುಗಳಿಲ್ಲ, ಮರದ ನೆಲವಿಲ್ಲ, ಗೋಡೆಗೆ ಕನ್ನಡಿಯಿಲ್ಲ ಎಂದಿಟ್ಟುಕೊಂಡೇ ಬರೆದಿದ್ದೇನೆ.

ಮೊದಲು ನೋಡುವುದು

ಮೊದಲ ದಿನ ಯಾರನ್ನೂ ಕುಣಿಸಬೇಡಿ. ಪ್ರೊಜೆಕ್ಟರ್, ಸ್ಪೀಕರ್, ಕತ್ತಲೆ ಮಾಡಬಹುದಾದ ಕೋಣೆ ಇಷ್ಟು ಸಾಕು. ಲಂಡನ್ನಿನ ರಾಯಲ್ ಬ್ಯಾಲೆಯಂಥ ದೊಡ್ಡ ತಂಡಗಳು ತಮ್ಮ ಅಧಿಕೃತ ಯೂಟ್ಯೂಬ್ ಚಾನೆಲ್‌ಗಳಲ್ಲಿ ಜಿಸೆಲ್‌ನ ತುಣುಕುಗಳನ್ನು ಬಿಟ್ಟಿಯಾಗಿ ಹಾಕಿವೆ. ಹತ್ತು ಹದಿನೈದು ನಿಮಿಷದಷ್ಟು ಆರಿಸಿಕೊಳ್ಳಿ. ಪೂರ್ತಿ ಪ್ರದರ್ಶನ ಕೂರಿಸಿ ತೋರಿಸಿದರೆ ಅರ್ಧ ಸಭೆ ಮೊಬೈಲ್ ತೆಗೆಯುತ್ತದೆ, ತಪ್ಪು ಅವರದಲ್ಲ.

ತೋರಿಸಲೇಬೇಕಾದದ್ದು ಹೂವಿನ ದೃಶ್ಯ. ಜಿಸೆಲ್ ಬೆಂಚಿನ ಮೇಲೆ ಕೂತು ಡೇಸಿ ಹೂವಿನ ಎಸಳು ಕೀಳುತ್ತಾಳೆ: ಪ್ರೀತಿಸುತ್ತಾನೆ, ಪ್ರೀತಿಸುವುದಿಲ್ಲ. ಎಣಿಸುತ್ತ ಹೋದಂತೆ ಉತ್ತರ ‘ಇಲ್ಲ’ ಎಂದು ಬರುವುದು ಅವಳಿಗೆ ಗೊತ್ತಾಗಿ ಹೂ ಎಸೆದುಬಿಡುತ್ತಾಳೆ. ಆಲ್ಬ್ರೆಕ್ಟ್ ಅದನ್ನೆತ್ತಿಕೊಂಡು ಅವಳಿಗೆ ಕಾಣದಂತೆ ಒಂದೆಸಳು ಹರಿದುಹಾಕಿ, ‘ನೋಡು, ಹೌದು ಎನ್ನುತ್ತಿದೆ’ ಎಂದು ಮುಂದೆ ಹಿಡಿಯುತ್ತಾನೆ. ಅವನು ಎಂಥವನೆಂಬುದು ಆ ಒಂದೆಸಳಿನಲ್ಲೇ ತಿಳಿದುಹೋಗುತ್ತದೆ. ಈ ತುಣುಕನ್ನು ಎರಡು ಸಲ ಹಾಕಿ. ಮೊದಲ ಸಲ ಅವಳನ್ನು ನೋಡಲು ಹೇಳಿ, ಎರಡನೆಯ ಸಲ ಅವನ ಬೆರಳುಗಳನ್ನು.

ಆಮೇಲೆ ಎರಡನೆಯ ಅಂಕದ ವಿಲಿಗಳು. ಮದುವೆಗೆ ಮುಂಚೆಯೇ ಸತ್ತ ಹೆಣ್ಣುಗಳ ಪ್ರೇತಗಳಿವು. ರಾತ್ರಿ ಕಾಡಿಗೆ ಬಂದ ಗಂಡಸರನ್ನು ಸಾಯುವವರೆಗೆ ಕುಣಿಸುತ್ತವೆ. ಎರಡು ಸಾಲು ಬಿಳಿಯುಡುಗೆಯ ನರ್ತಕಿಯರು ಒಂದು ಕಾಲು ಹಿಂದಕ್ಕೆ ಚಾಚಿ, ಇನ್ನೊಂದರ ಮೇಲೆ ಕುಪ್ಪಳಿಸುತ್ತ ಎದುರುಬದುರಾಗಿ ಬಂದು ಒಬ್ಬರನ್ನೊಬ್ಬರು ಹಾದುಹೋಗುತ್ತಾರೆ. ಮೋಹಿನಿ ಕಥೆ ಕೇಳಿ ಬೆಳೆದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಚಪ್ಪರದಡಿ ಕತ್ತು ಮೇಲೆತ್ತಿ ಗೊನೆ ಕತ್ತರಿಸಿದ ಯಾರಾದರೂ ಸಭೆಯಲ್ಲಿದ್ದರೆ, ರಂಗದ ಮೇಲಿನ ಈ ಸುಗ್ಗಿಯಲ್ಲಿ ಯಾರಿಗೂ ಕತ್ತು ನೋಯುವುದಿಲ್ಲವಲ್ಲ ಎಂದು ಕೇಳಿಯಾರು. ಕೇಳಲಿ. ರಾಜರ ಆಸ್ಥಾನದಲ್ಲಿ ಹುಟ್ಟಿದ ಕಲೆ ಇದು. ಹದಿನಾಲ್ಕನೆಯ ಲೂಯಿ ದೊರೆ 1661ರಲ್ಲಿ ನೃತ್ಯಕ್ಕೆಂದೇ ಅಕಾಡೆಮಿ ಕಟ್ಟಿಸಿದ; ಹಳ್ಳಿಯನ್ನು ಬ್ಯಾಲೆ ನೋಡಿದ್ದು ದೂರದಿಂದ. ನಮ್ಮನ್ನು ನೋಡಿದ್ದು ಇನ್ನೂ ದೂರದಿಂದ. 1877ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಮರಿಯಸ್ ಪೆಟಿಪಾ ರಚಿಸಿದ ‘ಲಾ ಬಯಾದೇರ್’ನ ನಾಯಕಿ ಭಾರತದ ದೇವಾಲಯದ ನರ್ತಕಿ. ಅದರಲ್ಲಿರುವ ಭಾರತವನ್ನು ನೋಡಿದರೆ ನಗಬೇಕೋ ಸಿಟ್ಟಾಗಬೇಕೋ ತಿಳಿಯದು. ನೃತ್ಯ ಮಾತ್ರ ಅಪ್ಪಟ. ಮೂರನೆಯ ನಾಲ್ಕನೆಯ ಭೇಟಿಯಲ್ಲಿ ಅದನ್ನೂ ತೋರಿಸಿ, ಚರ್ಚೆಗೆ ಬಿಡಿ.

ಕೈಯ ಮಾತು

ಮುಂದಿನ ಭೇಟಿಯಲ್ಲಿ ಕೂತಲ್ಲೇ ಕೈಯಾಡಿಸಿ. ಬ್ಯಾಲೆಗೆ ತನ್ನದೇ ಸಂಜ್ಞೆಗಳಿವೆ. ಮುಖದ ಸುತ್ತ ಅಂಗೈ ಸುತ್ತಿದರೆ ‘ಚೆಲುವೆ’. ಉಂಗುರದ ಬೆರಳು ತೋರಿಸಿದರೆ ‘ಮದುವೆ’. ಎರಡು ಬೆರಳು ಜೋಡಿಸಿ ಮೇಲಕ್ಕೆತ್ತಿದರೆ ‘ಆಣೆ’. ತಲೆಯ ಮೇಲೆ ಎರಡೂ ಕೈ ಒಂದರ ಸುತ್ತ ಒಂದು ತಿರುಗಿಸಿದರೆ ‘ಕುಣಿ’. ಮುಷ್ಟಿ ಬಿಗಿದು ಮಣಿಕಟ್ಟುಗಳನ್ನು ಅಡ್ಡಹಾಕಿ ಕೆಳಗಿಳಿಸಿದರೆ ‘ಸಾವು’. ಭರತನಾಟ್ಯ ಕಲಿತ ಒಂದಿಬ್ಬರು ಎಲ್ಲ ಕಾಲೇಜಿನಲ್ಲೂ ಇರುತ್ತಾರೆ. ಇದೇ ಐದು ಮಾತನ್ನು ಹಸ್ತಗಳಲ್ಲಿ ಹೇಗೆ ಹೇಳುತ್ತಾರೆಂದು ಅವರಿಂದ ಮಾಡಿಸಿ. ಇಬ್ಬಿಬ್ಬರಾಗಿ ಎದುರು ನಿಂತು ಈ ಐದೇ ಸಂಜ್ಞೆಗಳಲ್ಲಿ ಒಂದು ಸಣ್ಣ ಜಗಳ ಕಟ್ಟಲಿ. ನಗೆಯಲ್ಲಿ ಸಂಕೋಚ ಬಿಟ್ಟುಹೋಗುತ್ತದೆ, ಮುಂದಿನ ಪಾಠಕ್ಕೆ ಬೇಕಾದದ್ದೂ ಅದೇ.

ಕಿವಿಗೆ ಇಳಯರಾಜ

ಪಾಶ್ಚಾತ್ಯ ಸಂಗೀತ ನಮಗೆ ದೂರ ಎಂದು ತೇನಿ ಜಿಲ್ಲೆಯವರು ಹೇಳುವಂತಿಲ್ಲ. ಇಳಯರಾಜರ ಊರು ಪಣ್ಣೈಪುರಂ ಇದೇ ಜಿಲ್ಲೆಯದು. ಮದ್ರಾಸಿನಲ್ಲಿ ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿತವರು ಅವರು. 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ಅವರ ಸಿಂಫನಿ ‘ವೇಲಿಯಂಟ್’ ನುಡಿಸಿದ್ದು ರಾಯಲ್ ಫಿಲ್‌ಹಾರ್ಮೊನಿಕ್ ವಾದ್ಯವೃಂದ. ಕನ್ನಡದವರಿಗೆ ಅವರು ‘ಗೀತಾ’ ಚಿತ್ರದಿಂದ ಮನೆಯವರೇ.

ಅವರ ಚಿತ್ರಗಳಲ್ಲಿ ಪ್ರೇಮಗೀತೆಯ ರಾಗದ ತುಣುಕು ಮುಂದೆ ಅಗಲಿಕೆಯ ದೃಶ್ಯದಲ್ಲಿ ಒಂಟಿ ಕೊಳಲಿನಲ್ಲೋ ಪಿಟೀಲಿನಲ್ಲೋ ಮರಳಿ ಬರುವುದನ್ನು ಈ ಮಕ್ಕಳು ಕೇಳಿಯೇ ಕೇಳಿರುತ್ತಾರೆ. ಜಿಸೆಲ್‌ಗೆ ಸಂಗೀತ ಕೊಟ್ಟ ಅಡಾಲ್ಫ್ ಆಡಮ್ ಮಾಡಿದ್ದೂ ಅದನ್ನೇ. ಮೋಸ ಗೊತ್ತಾಗಿ ಜಿಸೆಲ್‌ಗೆ ಹುಚ್ಚು ಹಿಡಿಯುವಾಗ ಆ ಹೂವಿನ ದೃಶ್ಯದ ರಾಗವೇ ಚೂರುಚೂರಾಗಿ ಕೇಳಿಸುತ್ತದೆ, ಅವಳ ಕೈ ಇಲ್ಲದ ಹೂವಿನ ಎಸಳು ಕೀಳುತ್ತದೆ. ಮೊದಲು ರಾಗವಷ್ಟನ್ನೇ ಕೇಳಿಸಿ, ‘ಇದನ್ನು ಎಲ್ಲಿ ಕೇಳಿದಿರಿ?’ ಎಂದು ಕೇಳಿ. ಉತ್ತರ ಬಂದಮೇಲೆ ದೃಶ್ಯ ಹಾಕಿ.

ತಾಳಕ್ಕೆ ಬರೋಣ. ಸುಗ್ಗಿಯ ಹಳ್ಳಿಗರು ಕುಣಿಯುವುದು ವಾಲ್ಟ್ಸ್‌ಗೆ, ಅಂದರೆ ಒಂದು-ಎರಡು-ಮೂರು, ಒಂದು-ಎರಡು-ಮೂರು. ಒಂದಕ್ಕೆ ಚಪ್ಪಾಳೆ, ಉಳಿದೆರಡಕ್ಕೆ ಬೆರಳು. ನಮ್ಮ ತಿಶ್ರ ಗೊತ್ತಿದ್ದವರಿಗೆ ಎರಡು ನಿಮಿಷದ ಕೆಲಸ.

ಈಗ ಎದ್ದು ನಿಲ್ಲಿ

ಮೈಗೆ ಅಂಟಿದ ಉಡುಪು ಬೇಕೆಂದೇನೂ ಇಲ್ಲ. ಮೊಣಕಾಲು ಕಾಣುವಂತಿದ್ದರೆ ಮೇಲ್ವಿಚಾರಣೆ ಸುಲಭ ನಿಜ, ಆದರೆ ಲೆಗಿಂಗ್ಸ್, ಟ್ರ್ಯಾಕ್ ಪ್ಯಾಂಟ್, ಮೇಲೊಂದು ಟೀ ಶರ್ಟ್ ಸಾಕು. ಚೂಡಿದಾರ್ ಆದರೆ ದುಪಟ್ಟಾ ಸೊಂಟಕ್ಕೆ ಬಿಗಿಯಿರಿ. ಜಡೆ ಮೇಲಕ್ಕೆ ಕಟ್ಟಿ. ಗ್ರಾನೈಟ್ ಅಥವಾ ಟೈಲ್ಸ್ ನೆಲದ ಮೇಲೆ ಕಾಲುಚೀಲ ಹಾಕಿಕೊಂಡರೆ ಜಾರಿ ಬೀಳುವುದು ಖಂಡಿತ, ಬರಿಗಾಲೇ ವಾಸಿ. ಬಿಸಿಲೇರುವ ಮುಂಚೆ, ಬೆಳಗಿನ ಹೊತ್ತು ಇಟ್ಟುಕೊಳ್ಳಿ. ಹತ್ತು ನಿಮಿಷ ನಡೆದು, ಕಣಕಾಲು ತಿರುಗಿಸಿ, ಮೈ ಬೆಚ್ಚಗಾದ ಮೇಲೆ ಶುರು.

ಬಾರ್ ಎಂಬ ಕಂಬಿಯ ಬದಲಿಗೆ ಸೊಂಟದೆತ್ತರದ ಕಿಟಕಿಯ ಕಟ್ಟೆ, ಇಲ್ಲವೇ ಭಾರವಾದ ಮೇಜು. ಕೈ ಅದರ ಮೇಲೆ ಇರಬೇಕು, ಅದಕ್ಕೆ ಜೋತುಬೀಳಬಾರದು. ಪ್ಲಾಸ್ಟಿಕ್ ಕುರ್ಚಿ ಬೇಡ, ಮಗುಚಿಕೊಳ್ಳುತ್ತದೆ.

ಮೊದಲ ಭಂಗಿ: ಹಿಮ್ಮಡಿ ಕೂಡಿಸಿ, ಮುಂಗಾಲು ಹೊರಕ್ಕೆ. ಬಹುಪಾಲು ಜನ ಎಡವುವುದು ಇಲ್ಲಿ. ವಿಡಿಯೋದಲ್ಲಿ ಎರಡೂ ಪಾದ ಒಂದೇ ಗೆರೆಯಾಗಿದ್ದನ್ನು ನೋಡಿ ತಾವೂ ಹಾಗೆ ಪಾದ ತಿರುಚುತ್ತಾರೆ, ಮೊಣಕಾಲು ಮಾತ್ರ ಮುಂದಕ್ಕೇ ನೋಡುತ್ತಿರುತ್ತದೆ. ತಿರುಗಬೇಕಾದದ್ದು ತೊಡೆಯ ಬುಡದ ಕೀಲು. ಎರಡು ಪಾದಗಳ ನಡುವೆ ಮೂಲೆಮಟ್ಟದಷ್ಟು ಕೋನ ಬಂದರೆ ಹೊಸಬರಿಗೆ ಸಾಕೇ ಸಾಕು. ಮೇಲಿನಿಂದ ನೋಡಿದಾಗ ಮೊಣಕಾಲು ಚಿಪ್ಪು ಕಾಲಿನ ಎರಡನೆಯ ಬೆರಳಿನ ಕಡೆಗಿದೆಯೇ? ಇದೆ ಎಂದರೆ ಸರಿ.

ಅಲ್ಲಿಂದ ‘ಪ್ಲಿಯೆ’: ಹಿಮ್ಮಡಿ ನೆಲ ಬಿಡದಂತೆ ಮೊಣಕಾಲು ಮಡಚಿ, ಬೆನ್ನು ನೆಟ್ಟಗಿಟ್ಟು ನಾಲ್ಕು ಎಣಿಕೆಗೆ ಇಳಿಯಿರಿ, ನಾಲ್ಕಕ್ಕೆ ಏಳಿರಿ. ಭರತನಾಟ್ಯದವರು ‘ಇದು ಅರೆಮಂಡಿಯಲ್ಲವೇ’ ಎನ್ನುತ್ತಾರೆ. ಕಾಲಿನ ಆಕಾರ ಹೆಚ್ಚುಕಡಿಮೆ ಅದೇ. ಅರೆಮಂಡಿಯಲ್ಲಿ ಕೂತು ಅಲ್ಲೇ ನೆಲೆಸಿ ಕುಣಿಯುತ್ತೀರಿ. ಪ್ಲಿಯೆಯಲ್ಲಿ ನಿಲ್ಲುವಂತಿಲ್ಲ, ತಳ ಮುಟ್ಟಿದ ಕ್ಷಣವೇ ಮೇಲೇಳತೊಡಗಬೇಕು. ಪಳಗಿದ ಭರತನಾಟ್ಯ ಕಾಲುಗಳಿಗೆ ಇದೇ ಹೆಚ್ಚು ಕಷ್ಟ, ಏನೂ ಕಲಿಯದವರು ಬೇಗ ಹಿಡಿಯುತ್ತಾರೆ.

ಮುಂದಿನದು ‘ತಾಂದ್ಯು’: ಒಂದು ಪಾದವನ್ನು ನೆಲ ಸವರುತ್ತ ಮುಂದಕ್ಕೆ ಚಾಚಿ, ಬೆರಳ ತುದಿ ಮಾತ್ರ ನೆಲಕ್ಕೆ ತಾಕುವಂತೆ ಮಾಡಿ ವಾಪಸ್ ತರುವುದು. ಆಮೇಲೆ ಬದಿಗೆ, ಹಿಂದಕ್ಕೆ. ‘ರೆಲೆವೆ’: ಹಿಮ್ಮಡಿ ಎತ್ತಿ ಮುಂಗಾಲಿನ ಮೇಲೆ ಏಳುವುದು. ಕೈಗಳಿಗೆ ‘ಪೋರ್ ದ ಬ್ರಾ’. ಮೊಣಕೈ ಇಳಿಬೀಳದಂತೆ, ಭುಜ ಕಿವಿಯ ಹತ್ತಿರ ಬಾರದಂತೆ. ಮೊದಲ ತಿಂಗಳಿಗೆ ಇಷ್ಟೇ. ಎಷ್ಟು ಬೇಜಾರಾದರೂ ಇಷ್ಟೇ. ದೊಡ್ಡ ತಂಡಗಳ ತಾರೆಯರೂ ದಿನಾ ಬೆಳಿಗ್ಗೆ ಪ್ಲಿಯೆಯಿಂದಲೇ ಶುರು ಮಾಡುತ್ತಾರೆ. ನಂಬದವರಿಗೆ 2014ರಿಂದ ನಡೆಯುತ್ತಿರುವ ‘ವರ್ಲ್ಡ್ ಬ್ಯಾಲೆ ಡೇ’ಯ ನೇರಪ್ರಸಾರದ ದಾಖಲೆ ತೋರಿಸಿ, ಹೆಸರಾಂತ ತಂಡಗಳ ಬೆಳಗಿನ ತರಗತಿ ಅದರಲ್ಲಿದೆ. ಪಾಠದ ಕೊನೆಗೆ ಗುರುವಿಗೂ ವಾದ್ಯದವರಿಗೂ ಬಾಗಿ ವಂದಿಸುವ ಪದ್ಧತಿ ಬ್ಯಾಲೆಯಲ್ಲೂ ಇದೆ. ಅದನ್ನು ಬಿಡಬೇಡಿ.

ಮಾಡಲೇಬಾರದ್ದು ಎರಡಿವೆ. ಸಿಮೆಂಟು, ಕಲ್ಲಿನ ನೆಲದ ಮೇಲೆ ಜಿಗಿತ ಬೇಡ. ಅದಕ್ಕೆಂದೇ ಮಾಡಿದ, ಅಡಿಯಲ್ಲಿ ಮಣಿಯುವ ಮರದ ನೆಲವಿಲ್ಲದಿದ್ದರೆ ಪೆಟ್ಟೆಲ್ಲ ಮೊಣಕಾಲಿಗೆ, ಕಣಕಾಲಿಗೆ. ಇನ್ನು ತುದಿಬೆರಳ ಬೂಟು, ಆನ್‌ಲೈನ್‌ನಲ್ಲಿ ಕಾಣುವ ಆ ಗುಲಾಬಿ ರಿಬ್ಬನ್ನಿನ ಪಾಯಿಂಟ್ ಶೂ. ವರ್ಷಗಟ್ಟಲೆ ಅಭ್ಯಾಸ ಮಾಡಿದ ಮೇಲೆ, ಗುರು ಒಪ್ಪಿದ ಮೇಲೆ ತೊಡುವಂಥದ್ದು ಅದು. ಫೋಟೋಗೆಂದು ತರಿಸಿಕೊಂಡವರ ಬೂಟನ್ನು ಕಸಿದು ಕಪಾಟಿನಲ್ಲಿಡಿ.

‘ನಮಗ್ಯಾಕ್ರೀ ಇದು?’

ಪ್ರಿನ್ಸಿಪಾಲರೋ ಪೋಷಕರೋ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ರುಕ್ಮಿಣಿ ದೇವಿ ಅರುಂಡೇಲರ ಹೆಸರು ಹೇಳಿ. ಅವರು ಹುಟ್ಟಿದ್ದು 1904ರಲ್ಲಿ ಮಧುರೈಯಲ್ಲಿ. ಆಗ ದಿಂಡಿಗಲ್ಲೂ ಪೆರಿಯಕುಳಂ ಸೀಮೆಯೂ ಮಧುರೈ ಜಿಲ್ಲೆಗೇ ಸೇರಿದ್ದವು. ರಷ್ಯದ ಬ್ಯಾಲೆ ತಾರೆ ಅನ್ನಾ ಪಾವ್ಲೋವಾರನ್ನು ಕಂಡು ಮನಸೋತ ರುಕ್ಮಿಣಿ ದೇವಿ, ಆಕೆಯ ತಂಡದ ಕ್ಲಿಯೋ ನೋರ್ಡಿ ಬಳಿ ಬ್ಯಾಲೆ ಕಲಿತರು. ನಿಮ್ಮ ನಾಡಿನ ಕಲೆಯನ್ನೂ ಹುಡುಕಿಕೊಳ್ಳಿ ಎಂದು ಅವರಿಗೆ ಹೇಳಿದ್ದು ಪಾವ್ಲೋವಾರೇ. 1936ರಲ್ಲಿ ರುಕ್ಮಿಣಿ ದೇವಿಯವರ ನೃತ್ಯಶಾಲೆ ಕಲಾಕ್ಷೇತ್ರ ಹುಟ್ಟಿತು. ಇಂದು ನಾವು ನೋಡುವ ಭರತನಾಟ್ಯದ ರಂಗಸಜ್ಜಿಕೆಯ ಹಿಂದೆ ಆ ಒಡನಾಟವೂ ಇದೆ. ನರ್ತಕ ಉದಯಶಂಕರ್ ಕಥೆಯೂ ಹಾಗೆಯೇ. 1923ರಲ್ಲಿ ಅವರು ಪಾವ್ಲೋವಾ ಜೊತೆ ‘ರಾಧಾ ಕೃಷ್ಣ’ ಆಡಿದ್ದರು.

ಇನ್ನೊಂದು ಉತ್ತರ ದಿಂಡಿಗಲ್‌ನಲ್ಲೇ ಇದೆ. ಸಿಸ್ಟರ್ ಚಂದ್ರಾ ಅವರ ಶಕ್ತಿ ಜಾನಪದ ಕಲಾ ಕೇಂದ್ರದಲ್ಲಿ ದಲಿತ ಹೆಣ್ಣುಮಕ್ಕಳು ಪರೈ ಹೊಡೆದು ತಪ್ಪಾಟ್ಟಂ ಕುಣಿಯುತ್ತಾರೆ. ಹೆಣ್ಣು ಮುಟ್ಟಬಾರದೆಂದಿದ್ದ, ಮುಟ್ಟಿದರೆ ಮೈಲಿಗೆಯೆಂದಿದ್ದ ವಾದ್ಯ ಅದು. ಯಾವ ಮೈ ಯಾವ ಕುಣಿತಕ್ಕೆ ಎಂಬ ಲೆಕ್ಕಾಚಾರವನ್ನು ಅವರು ಆಗಲೇ ಮುರಿದಾಗಿದೆ. ಸಾಧ್ಯವಾದರೆ ಇಂಥ ತಂಡವನ್ನೋ, ಒಯಿಲಾಟ್ಟಂ, ದೇವರಾಟ್ಟಂ ಆಡುವವರನ್ನೋ ಒಂದು ದಿನ ಕರೆಸಿ. ದೇವರಾಟ್ಟಂಗೆ ಹಾಡಿಲ್ಲ, ವಾದ್ಯ ಮಾತ್ರ. ಕೈಯಲ್ಲಿ ಕರವಸ್ತ್ರ, ಸಾಲಿನಲ್ಲಿ ಕುಣಿತ. ಅದನ್ನು ನೋಡಿದ ಮರುದಿನ ವಿಲಿಗಳ ಸಾಲನ್ನು ಮತ್ತೆ ಹಾಕಿ, ಸಾಲು ಕೆಡದಂತೆ ಅವರೂ ಇವರೂ ಯಾರನ್ನು ನೋಡಿಕೊಂಡು ಕುಣಿಯುತ್ತಾರೆ ಎಂದು ಪತ್ತೆ ಮಾಡಲು ಹೇಳಿ. ಕರೆಸಿದವರಿಗೆ ಸಂಭಾವನೆ ಕೊಡಿ; ಶಾಲು, ಸ್ಮರಣಿಕೆಗೆ ಮುಗಿಸಬೇಡಿ.

ಮುಂದೆ ಕಲಿಯುವವರಿಗೆ

ಇಷ್ಟಾದ ಮೇಲೆ ಒಬ್ಬಿಬ್ಬರು ‘ನಾನು ನಿಜವಾಗಿ ಕಲಿಯಬೇಕು’ ಎನ್ನಬಹುದು. ಅವರಿಗೆ ಸುಳ್ಳು ಆಸೆ ಹುಟ್ಟಿಸಬೇಡಿ. ವೃತ್ತಿ ನರ್ತಕರು ಸಾಮಾನ್ಯವಾಗಿ ಎಂಟು ಹತ್ತು ವಯಸ್ಸಿಗೇ ತರಬೇತಿಗೆ ಇಳಿದಿರುತ್ತಾರೆ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ: ದಿಲ್ಲಿಯ ಇ-ರಿಕ್ಷಾ ಚಾಲಕರ ಮಗ ಕಮಲ್ ಸಿಂಗ್ ಹದಿಹರೆಯ ಮುಗಿಯುವ ಹೊತ್ತಿಗೆ ಬ್ಯಾಲೆ ಶುರು ಮಾಡಿಯೂ 2020ರಲ್ಲಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಶಾಲೆಗೆ ಆಯ್ಕೆಯಾದರು; ಖರ್ಚಿಗೆ ಜನರಿಂದ ದೇಣಿಗೆ ಎತ್ತಬೇಕಾಯಿತು. ಮುಂಬೈಯ ಇಬ್ಬರು ಹುಡುಗರ ಕಥೆ ಆಧರಿಸಿದ ‘ಯೇ ಬ್ಯಾಲೆ’ ಸಿನಿಮಾ ಕೂಡ 2020ರದ್ದೇ, ಸೂನಿ ತಾರಾಪೊರೆವಾಲಾ ನಿರ್ದೇಶನ. ಖುಷಿಗೆ, ಮೈಯ ಹಿಡಿತಕ್ಕೆ ಕಲಿಯುವವರಿಗಂತೂ ವಯಸ್ಸಿನ ಅಡ್ಡಿಯಿಲ್ಲ.

ಬೆಂಗಳೂರಿನಲ್ಲಿ ಯಾನಾ ಲೂಯಿಸ್ ಕಟ್ಟಿದ ಲೂಯಿಸ್ ಫೌಂಡೇಶನ್ ಆಫ್ ಕ್ಲಾಸಿಕಲ್ ಬ್ಯಾಲೆ ಇದೆ. ಅದೇ ಊರಿನ ಆಟ್ಟಕ್ಕಳರಿ ಸಮಕಾಲೀನ ನೃತ್ಯದ ಕೇಂದ್ರ, ಬ್ಯಾಲೆ ಶಾಲೆಯಲ್ಲ. ಹೊಸಬಗೆಯ ನೃತ್ಯದತ್ತ ಮನಸ್ಸಿದ್ದರೆ ಅದನ್ನೂ ವಿಚಾರಿಸಿ. ತೂತ್ತುಕುಡಿ–ಮೈಸೂರು ಎಕ್ಸ್‌ಪ್ರೆಸ್ಸನ್ನು ರಾತ್ರಿ ದಿಂಡಿಗಲ್‌ನಲ್ಲಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಹೊರಡುವ ಮುಂಚೆ ಫೋನ್ ಮಾಡಿ ಮೂರು ವಿಷಯ ಕೇಳಿಕೊಳ್ಳಿ: ವಯಸ್ಕ ಹೊಸಬರ ತಂಡ ಇದೆಯೇ, ಪರೀಕ್ಷಾರ್ಥವಾಗಿ ಒಂದು ತರಗತಿಗೆ ಬಿಡುತ್ತಾರೆಯೇ, ರಜೆಯಲ್ಲಿ ಕಿರು ಶಿಬಿರ ನಡೆಯುತ್ತದೆಯೇ. ಮೊಣಕಾಲು, ಕಣಕಾಲಿನ ಹಳೆಯ ಪೆಟ್ಟಿದ್ದರೆ ಮೊದಲೇ ಹೇಳಿಬಿಡಿ. ತರಗತಿಗೆ ಕಾಲು ಗಂಟೆ ಮುಂಚೆ ಹೋಗಿ. ಮೈ ಕಾಯಿಸುವ ಪ್ಲಿಯೆ ತಪ್ಪಿಸಿಕೊಂಡು ತಡವಾಗಿ ಬಂದವರನ್ನು ಬ್ಯಾಲೆ ಗುರುಗಳು ಬಹುತೇಕ ಗೋಡೆ ಬದಿಗೆ ಕೂರಿಸುತ್ತಾರೆ.